ವಾಗಿನಗೇರಿಯ ಮುತ್ತಿಗೆಯೂ ಸುರಪುರದ ಕಾಳಗವೂ

ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಸಮೀಪದಲ್ಲಿರುವ ಭೀಮರಾಯನಗುಡಿಯು ಇಂದು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿಂದಲೂ ಕೃಷಿ ಮಹಾವಿದ್ಯಾಲಯದಿಂದಲೂ ಹೆಸರಾದ ಊರು. ನಾರಾಯಣಪುರದ ಅಣೆಕಟ್ಟಿನ ಕಾಲುವೆಗಳು ಹರಿದ ಮೇಲೆ ಸುತ್ತಣ ಎರೆಯ ಹೊಲಗಳಲ್ಲಿ ಜೋಳದ ಜತೆಗೆ ನೆಲ್ಲೂ ಕಾಣಿಸಿಕೊಂಡಿದೆ. ಈ ಊರನ್ನು ನಡುವೆ ಇಟ್ಟುಕೊಂಡು ಸುತ್ತಲೂ ನೋಡಿದರೆ ಒಂದು ಕಡೆ ಸಗರ, ಮತ್ತೊಂದು ಕಡೆ ಸುರಪುರ, ಅದಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ವಾಗಿನಗೇರಿ, ಇನ್ನೂ ದಕ್ಷಿಣಕ್ಕೆ ಕೃಷ್ಣೆಯ ಕಡೆಗೆ ದೇವಾಪುರ. ಒಬ್ಬ ಮನುಷ್ಯನು ಎರಡು ದಿನಗಳಲ್ಲಿ ನಡೆದು ಮುಗಿಸಬಹುದಾದ ಈ ಸೀಮೆಯಲ್ಲಿ ಎರಡು ಯುದ್ಧಗಳು ನಡೆದಿವೆ. ಒಂದು ಮೊಗಲ ಚಕ್ರವರ್ತಿ ಔರಂಗಜೇಬನು ಸ್ವತಃ ನಿಂತು ನಡೆಸಿದ ಕಡೆಯ ಮುತ್ತಿಗೆ. ಮತ್ತೊಂದು 1858 ನೆಯ ಇಸವಿಯಲ್ಲಿ ಸುರಪುರದ ರಾಜಾ ವೆಂಕಟಪ್ಪನಾಯಕನಿಗೂ ಇಂಗ್ಲಿಷರ ಸೈನ್ಯಕ್ಕೂ ನಡೆದ ಕಾಳಗ. ಎರಡರಲ್ಲಿಯೂ ಕಾದಿದವರು ಒಂದೇ ಬೇಡ ನಾಯಕರ ಮನೆತನದವರು.

ಈ ಎರಡು ಘಟನೆಗಳನ್ನು ತಿಳಿಸುವ ಪ್ರಮುಖ ಗ್ರಂಥಗಳನ್ನು, ಎಂದರೆ ಯದುನಾಥ ಸರ್ಕಾರರ ಔರಂಗಜೇಬನ ಇತಿಹಾಸವನ್ನೂ ಮೆಡೋಸ್ ಟೇಲರನ ಆತ್ಮಚರಿತ್ರೆಯನ್ನೂ, ಒಟ್ಟಿಗೆ ತೆರೆದಿಟ್ಟುಕೊಂಡು ಓದುವವನಿಗೆ ಮೊದಲು ಕಣ್ಣಿಗೆ ಬೀಳುವುದು ಒಂದು ತಾರೀಖು. ಔರಂಗಜೇಬನು ವಾಗಿನಗೇರಿಯ ಮುಂದೆ ಬಂದಿಳಿದುದು 1705 ನೆಯ ಇಸವಿ ಫೆಬ್ರವರಿ 8. ಸುರಪುರದ ಬಯಲಿನಲ್ಲಿ ಕಾಳಗವಾದುದು 1858 ನೆಯ ಇಸವಿ ಫೆಬ್ರವರಿ 8. ನಡುವೆ 153 ವರ್ಷಗಳ ಅಂತರವಿದ್ದರೂ ದಿನವೊಂದೇ ಎಂದು ತೋರುತ್ತದೆ. ಇಂತಹ ಕಾಕತಾಳೀಯಗಳನ್ನು ಕಂಡಾಗ ಚರಿತ್ರಕಾರನು ಹಿಗ್ಗುವ ಬದಲು ಎಚ್ಚರಗೊಳ್ಳುವುದು ಯುಕ್ತ. ಪ್ರಕೃತ ಲೇಖನವು ಈ ತಾರೀಖಿನಿಂದಲೇ ಹೊರಟಿದೆ.

ಮೊಗಲ ಬಖೈರುಗಾರರು ದಿನಗಳನ್ನು ಹಿಜರಿ ತಿಂಗಳುಗಳಲ್ಲಿಯೂ ಬಾದಶಹನ ಆಳಿಕೆಯ ವರ್ಷಗಳಲ್ಲಿಯೂ ಬರೆಯುತ್ತಿದ್ದರು. ಅವುಗಳನ್ನು ಕ್ರಿಸ್ತಶಕಕ್ಕೆ ತಿರುಗಿಸುವಾಗ ಸರ್ಕಾರರು ಬಳಸಿರುವುದು ಆ ಕಾಲದಲ್ಲಿ ಇಂಗ್ಲಿಷರಲ್ಲಿ ರೂಢಿಯಲ್ಲಿದ್ದ ಹಳೆಯ ಪಂಚಾಂಗವನ್ನು. ಇದಕ್ಕೆ ಪ್ರಮಾಣವು ಅದೇ ಗ್ರಂಥದಲ್ಲಿ ದೊರೆಯುತ್ತದೆ. ಔರಂಗಜೇಬನು ಅಹಮದನಗರದಲ್ಲಿ ತೀರಿಕೊಂಡುದು ಹಿಜರಿ 1118 ನೆಯ ಜಿಲ್ಕಾದ 28 ರಂದು. ಅದನ್ನು ಸರ್ಕಾರರು 1707 ಫೆಬ್ರವರಿ 20 ಎನ್ನುತ್ತಾರೆ. ಹೊಸ ಪಂಚಾಂಗದ ರೀತಿಯಲ್ಲಿ ಎಣಿಸಿದವರೆಲ್ಲರೂ ಅದೇ ದಿನವನ್ನು ಮಾರ್ಚ್ 3 ಎಂದು ಬರೆಯುತ್ತಾರೆ. ವ್ಯತ್ಯಾಸ ಸರಿಯಾಗಿ 11 ದಿನ. ಇಂಗ್ಲೆಂಡಿನಲ್ಲಿ ಹೊಸ ಪಂಚಾಂಗವು ಆಚರಣೆಗೆ ಬಂದುದು 1752 ರ ಸೆಪ್ಟೆಂಬರಿನಲ್ಲಿ. ಆಗ 2 ನೆಯ ತಾರೀಖಿನ ಮರುದಿನವನ್ನು 14 ಎಂದು ಕರೆದರು. ಆದುದರಿಂದ ವಾಗಿನಗೇರಿಯ ಮುತ್ತಿಗೆಯ ಮೊದಲ ದಿನವು ಈಗ ನಾವು ಎಣಿಸುವ ಕ್ರಮದಲ್ಲಿ 1705 ಫೆಬ್ರವರಿ 19. ಕೋಟೆ ಬಿದ್ದ ಏಪ್ರಿಲ್ 27 ಎಂಬುದು ಮೇ 8. ಆ ಕಾಲದ ಇಂಗ್ಲಿಷ್ ವರ್ತಕರ ಕಾಗದಗಳಲ್ಲಾದರೋ ವರ್ಷವು ಮಾರ್ಚ್ 25 ರಂದು ಮೊದಲಾಗುತ್ತಿದ್ದ ಕಾರಣ ಅದೇ ಫೆಬ್ರವರಿಯನ್ನು 1704 ಕ್ಕೆ ಸೇರಿಸಿರುವುದೂ ಉಂಟು. 1858 ರ ತಾರೀಖು ಹೊಸ ಪಂಚಾಂಗದ್ದು. ಅದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ. ಹೀಗೆ ಎರಡು ಫೆಬ್ರವರಿ ಎಂಟುಗಳೂ ಒಂದೇ ದಿನವಲ್ಲವೆಂದು ಸಿದ್ಧವಾಗುತ್ತದೆ. ಆದರೆ ಈ ಎರಡು ಯುದ್ಧಗಳಲ್ಲಿ ತಾರೀಖಿನ ಹೊರತಾದ, ನಿಜವಾದ ಸಾಮ್ಯವೊಂದಿದೆ; ಅದನ್ನು ಮುಂದೆ ತೋರಿಸುವೆವು.

ತಾರೀಖಿನಂತೆಯೇ ಹೆಸರುಗಳ ವಿಷಯದಲ್ಲಿಯೂ ಸ್ವಲ್ಪ ನಿಲ್ಲಬೇಕಾಗಿದೆ. ಇತಿಹಾಸಗ್ರಂಥಗಳಲ್ಲಿ ಈ ಕೋಟೆಯು ವಾಕಿನ್‌ಖೇಡಾ, ವಾಕಿನ್‌ಕೇರಾ, ವಾಗಿನ್‌ಗೇರಾ ಎಂದು ನಾನಾ ರೂಪಗಳಲ್ಲಿ ಕಾಣಬರುತ್ತದೆ. ಹಳೆಯ ಫಾರಸಿ ಕೈಬರಹಗಳಲ್ಲಿ ಕಕಾರ ಗಕಾರಗಳ ಭೇದವನ್ನು ಗೆರೆಯಿಟ್ಟು ತೋರಿಸುವ ರೂಢಿ ಸಾಮಾನ್ಯವಾಗಿ ಇರಲಿಲ್ಲ. ಹ್ರಸ್ವ ಸ್ವರಗಳನ್ನಂತೂ ಬರೆಯುತ್ತಲೇ ಇರಲಿಲ್ಲ. ಆ ಅಕ್ಷರಗಳನ್ನು ಓದಿದ ಉತ್ತರದ ವಿದ್ವಾಂಸರಿಗೆ ತಮಗೆ ಪರಿಚಿತವಾದ, ಗ್ರಾಮಾರ್ಥಕವಾದ ‘ಖೇಡಾ’ ಎಂಬುದು ಹೊಳೆದುದು ಸಹಜವೇ. ಕನ್ನಡಿಗನಿಗೆ ಇದು ‘ಕೇರಿ’ ಎಂಬ ಮನೆಮಾತು. ಸಮಾಸದಲ್ಲಿ ‘ಗೇರಿ’ ಆಗಿರುವುದು ನಮ್ಮ ವ್ಯಾಕರಣದ ಆದೇಶಸಂಧಿಯ ಸಾಮಾನ್ಯ ಉದಾಹರಣೆ. ಮುತ್ತಿಗೆಯ ವೃತ್ತಾಂತದಲ್ಲಿ ಕೋಟೆಯ ತಪ್ಪಲಿನ ಪೇಟೆಯೊಂದನ್ನು ‘ತಲ್ವಾರ್‌ಗೇರಾ’ ಎಂದು ಬರೆದಿದೆ. ಇದನ್ನು ಓದಿದ ಉತ್ತರದವನಿಗೆ ಕತ್ತಿಯ ನೆನಪಾಗಬಹುದು. ಅಲ್ಲಿರುವುದು ತಲವಾರವಲ್ಲ, ತಳವಾರ. ಊರು ಕಾಯುವ ತಳವಾರಿಕೆಯ ಅಧಿಕಾರವು ಕನ್ನಡ ಶಾಸನಗಳ ಕಾಲದಿಂದ ಬಂದುದು. ಈ ಸೀಮೆಯಲ್ಲಿ ಅದನ್ನು ನಡೆಸುತ್ತ ಬಂದವರು ಬೇಡರು. ತಳವಾರಗೇರಿ ಎಂಬ ಹೆಸರೊಂದರಿಂದಲೇ ಕೋಟೆಯ ಬುಡದಲ್ಲಿ ಯಾರ ವಸತಿಯಿತ್ತೆಂಬುದು ಗೊತ್ತಾಗುತ್ತದೆ. ‘ಬೇಡರ್’ ಎಂಬುದಕ್ಕೂ ಇದೇ ಗತಿ. ‘ಬೇ’ ಎಂಬ ಫಾರಸಿ ಉಪಸರ್ಗಕ್ಕೆ ‘ಡರ್’ ಎಂಬ ಹಿಂದುಸ್ತಾನಿ ಪದವನ್ನು ಜೋಡಿಸಿ ‘ಭಯವಿಲ್ಲದವರು’ ಎಂದು ಅರ್ಥ ಮಾಡಿದವರುಂಟು. ಹೊಗಳಿಕೆಯೇನೋ ಸಲ್ಲತಕ್ಕದ್ದೇ, ಆದರೆ ಬೇಡ ಶಬ್ದದ ಬಹುವಚನಕ್ಕೆ ಬೇರೆ ನಿರುಕ್ತಿ ಬೇಕಾಗಿಲ್ಲ.

ಇನ್ನು ಮೊದಲನೆಯ ಯುದ್ಧದ ವಿಷಯ. ಈ ಮನೆತನದ ಮೊದಲ ರಾಜಧಾನಿ ಸಗರ. ವಿಜಾಪುರ ಗೋಲಕೊಂಡಗಳಿಗೆ ನೆರವಾಗಿದ್ದ ಪಾಮನಾಯಕನಿಂದ 1687 ರ ಕೊನೆಯಲ್ಲಿ ಮೊಗಲರು ಸಗರವನ್ನು ಕಿತ್ತುಕೊಂಡು ಅದಕ್ಕೆ ನುಸ್ರತಾಬಾದ್ ಎಂದು ಹೆಸರಿಟ್ಟರು. ಪಾಮನಾಯಕನು ಬಾದಶಹನ ದರ್ಶನಕ್ಕೆ ಹೋದ ಕೆಲವೇ ದಿನಗಳಲ್ಲಿ ತೀರಿಕೊಂಡನು. ಆತನ ಬಳಿಕ ನಾಯಕತ್ವವನ್ನು ವಹಿಸಿದವನು ಪಿಡ್ಡನಾಯಕ. ಫಾರಸಿ ಗ್ರಂಥಗಳ ‘ಪಿಡಿಯಾ’ ಈತನೇ. ಈತನು ಸಗರದಿಂದ ಸುಮಾರು 12 ಮೈಲಿ ದೂರದ ವಾಗಿನಗೇರಿಯನ್ನು ಬಲಪಡಿಸಿದನು. 1691 ರಿಂದ ಮೊದಲ್ಗೊಂಡು ರಾಜಕುಮಾರ ಕಾಂಬಕ್ಷ, ರೂಹುಲ್ಲಾಖಾನ, ಫಿರೋಜಜಂಗ ಇವರೇ ಮೊದಲಾದವರು ಒಬ್ಬರಾದ ಮೇಲೊಬ್ಬರಂತೆ ಇವನ ಮೇಲೆ ಬಂದರು. ಬಂದಾಗ ಕಪ್ಪವನ್ನೊಪ್ಪಿಕೊಳ್ಳುವುದು, ಹೋದ ಮೇಲೆ ತನ್ನ ದಾರಿಯನ್ನೇ ಹಿಡಿಯುವುದು, ಇದು ಪಿಡ್ಡನಾಯಕನ ನೀತಿ. ಬೇಡರ ಪದಾತಿಯನ್ನು ಮೊಗಲರು ‘ಕಾಲಾ ಪ್ಯಾದೆ’ ಎಂದು ಕರೆಯುತ್ತಿದ್ದರು. ಬಂದೂಕಿನ ಗುರಿಯಲ್ಲಿಯೂ ಇರುಳಿನ ದಾಳಿಯಲ್ಲಿಯೂ ಅವರಿಗೆ ಸಮಾನರಿಲ್ಲವೆಂಬುದು ಶತ್ರುಗಳೇ ಒಪ್ಪಿದ ಮಾತು.

1704 ರ ಮಾರ್ಚಿನಲ್ಲಿ ತೋರಣಾ ಕೋಟೆಯನ್ನು ಹಿಡಿದು, ಮಳೆಗಾಲವನ್ನು ಖೇಡದಲ್ಲಿ ಕಳೆದು, ಅಕ್ಟೋಬರಿನಲ್ಲಿ ಹೊರಟ ಔರಂಗಜೇಬನು ವಾಗಿನಗೇರಿಯ ಮುಂದೆ ಬಂದಿಳಿದಾಗ ಆತನಿಗೆ 86 ವರ್ಷ. ಮುಂದಾಗಿ ಬಂದಿದ್ದ ಸರದಾರರಲ್ಲಿ ಚಿನ್ ಕಿಲಿಚ್‌ಖಾನನೂ ಒಬ್ಬ. ಮುಂದೆ ಹೈದರಾಬಾದಿನ ಆಸಫಜಾಹಿ ವಂಶವನ್ನು ಸ್ಥಾಪಿಸಿದ ನಿಜಾಮುಲ್‌ಮುಲ್ಕನು ಈತನೇ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಸುರಪುರದ ಇತಿಹಾಸದಲ್ಲಿ ಆ ವಂಶವು ಮತ್ತೆ ಬರುತ್ತದೆ. ಕೋಟೆಗೆ ಎದುರಾಗಿದ್ದ ಕೆಮ್ಮಣ್ಣಿನ ಗುಡ್ಡವೊಂದನ್ನು ಮೊಗಲರು ‘ಲಾಲ್ ಟೀಕ್ರಿ’ ಎಂದು ಕರೆದಿದ್ದಾರೆ. ಒಂದು ದಿನ ಬೆಳಗಿನಲ್ಲಿ ಅವರು ಈ ಗುಡ್ಡವನ್ನು ಹಠಾತ್ತಾಗಿ ಏರಿ ಹಿಡಿದರು. ಆದರೆ ಅಲ್ಲಿ ಮಣ್ಣಗೆದು ಮರೆಮಾಡಿಕೊಳ್ಳುವಷ್ಟರಲ್ಲಿ ಬೇಡರು ಇರುವೆಗಳಂತೆ ಮುತ್ತಿ, ಕಲ್ಲು ಗುಂಡುಗಳ ಮಳೆಗರೆದು ಅವರನ್ನು ಕೆಳಕ್ಕೆ ತಳ್ಳಿದರು. ಬಾದಶಹನ ಕಣ್ಣೆದುರಿನಲ್ಲೇ ನಡೆದ ಈ ಸೋಲಿನಿಂದ ಮುತ್ತಿಗೆಯು ವಾರಗಟ್ಟಲೆ ನಿಂತ ನೀರಾಯಿತು.

ಮಾರ್ಚ್ 26 ರಂದು ಧನಾಜಿ ಜಾಧವನೂ ಹಿಂದೂರಾವ್ ಘೋರ್ಪಡೆಯೂ ಐದಾರು ಸಾವಿರ ಕುದುರೆಯೊಡನೆ ಬಂದರು. ಮರಾಠಾ ಸರದಾರರ ಹೆಂಡಿರು ಮಕ್ಕಳು ಸುರಕ್ಷಿತಸ್ಥಾನವೆಂದು ಈ ಕೋಟೆಯಲ್ಲೇ ಉಳಿದಿದ್ದರು. ಒಂದು ದಳವು ಮುಂದಿನಿಂದ ಮೊಗಲರನ್ನು ಕೆಣಕುತ್ತಿರುವಾಗ ಮತ್ತೊಂದು ದಳವು ಹಿಂದಣ ಬಾಗಿಲಿನಿಂದ ಕುಟುಂಬಗಳನ್ನು ಕುದುರೆಗಳ ಮೇಲೆ ಹತ್ತಿಸಿಕೊಂಡು ಹೊರಬಿದ್ದಿತು. ಆ ಬಳಿಕವೂ ದಿನವೊಂದಕ್ಕೆ ಇಂತಿಷ್ಟು ಸಾವಿರ ರೂಪಾಯಿಗಳನ್ನು ಕೊಡುವೆನೆಂದು ಪಿಡ್ಡನಾಯಕನು ಮರಾಠರನ್ನು ಸಮೀಪದಲ್ಲಿ ನಿಲ್ಲಿಸಿಕೊಂಡನು. ಆಮೇಲೆ ಹೂಡಿದ ಸಂಧಿಯ ಆಟವಂತೂ ಆ ಕಾಲದ ರಾಜನೀತಿಯಲ್ಲಿಯೇ ಅಪೂರ್ವವಾದುದು. ಕಾಶ್ಮೀರದ ಅಬ್ದುಲ್ ಘನಿ ಎಂಬ ತಿರುಗು ವ್ಯಾಪಾರಿಯ ಮೂಲಕ ಶರಣಾಗತಿಯ ಪತ್ರವು ಬಂದಿತು. ನಾಯಕನ ತಮ್ಮನೇ ಪಾಳೆಯಕ್ಕೆ ಬಂದು ಖಿಲ್ಲತ್ತನ್ನೂ ಮನಸಬನ್ನೂ ಪಡೆದನು. ಕೋಟೆಯನ್ನು ವಹಿಸಿಕೊಳ್ಳಲು ಮುಹತಶಮಖಾನನನ್ನು ಒಳಗೆ ಬಿಟ್ಟುಕೊಂಡರು. ಪಾಳೆಯದಲ್ಲಿ ವಿಜಯದ ನಗಾರಿಗಳು ಮೊಳಗಿದುವು. ಅಷ್ಟರಲ್ಲಿ ಪಿಡ್ಡನಾಯಕನಿಗೆ ಹುಚ್ಚು ಹಿಡಿದು ಆತನು ಮರಾಠರೊಡನೆ ಓಡಿಹೋದನೆಂಬ ಸುದ್ದಿ ಬಂದಿತು. ತಮ್ಮನನ್ನು ಹಿಂದಕ್ಕೆ ಕಳುಹಿಸಿದರೆ ಒಂದು ವಾರದೊಳಗೆ ಕೋಟೆಯನ್ನು ಬರಿದು ಮಾಡಿ ಕೊಡುವೆನೆಂದು ಆತನ ತಾಯಿಯ ಬಿನ್ನಹವೂ ಬಂದಿತು. ಬಾದಶಹನು ಒಪ್ಪಿ ತಮ್ಮನನ್ನು ಬಿಟ್ಟುಕೊಟ್ಟನು. ಹುಚ್ಚೂ ಇಲ್ಲ, ಓಟವೂ ಇಲ್ಲ. ನಾಯಕನು ಕೋಟೆಯಲ್ಲಿಯೇ ಇದ್ದನು, ಮುಹತಶಮಖಾನನು ಅಲ್ಲಿ ಸೆರೆಯಾಳಾಗಿ ಉಳಿದನು. ಇದನ್ನು ಮೋಸವೆಂದು ಮೊಗಲ ಲೇಖಕರು ಹಳಿದಿರುವುದು ಸಹಜ. ಹದಿನೆಂಟು ವರ್ಷಗಳಿಂದ ಸಾಮ್ರಾಜ್ಯದ ಸೈನ್ಯಗಳನ್ನು ಎದುರಿಸುತ್ತಿದ್ದ ಸಣ್ಣ ಪಾಳೆಯಗಾರನೊಬ್ಬನು ದಿನಗಳನ್ನು ಗಳಿಸಲು ಮಾಡಿದ ಉಪಾಯವೆಂದು ನೋಡುವವನಿಗೆ ಅದರಲ್ಲಿ ಬೇರೆಯೇ ಗುಣ ಕಾಣಿಸುತ್ತದೆ.

ಕಡೆಗೆ ಕೆಲಸವನ್ನು ಮುಗಿಸಿದವನು ಜುಲ್ಫಿಕಾರಖಾನ್ ನುಸ್ರತಜಂಗ. ಆತನು ಲಾಲ್ ಟೀಕ್ರಿಯನ್ನು ಮತ್ತೆ ಹಿಡಿದು, ಬೇಡರು ನೀರು ಸೇದುತ್ತಿದ್ದ ತಪ್ಪಲಿನ ಬಾವಿಗಳನ್ನು ವಶಪಡಿಸಿಕೊಂಡನು. ಏಪ್ರಿಲ್ ತಿಂಗಳ ಸಗರನಾಡಿನಲ್ಲಿ ಬಾವಿ ಹೋದ ಮೇಲೆ ಕೋಟೆ ಎಷ್ಟು ದಿನ ನಿಂತೀತೆಂಬುದನ್ನು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ 27 ರಂದು ತಳವಾರಗೇರಿಯ ಮೇಲೆ ದಾಳಿಯಾಯಿತು. ಅಂದಿನ ಇರುಳು ಪಿಡ್ಡನಾಯಕನು ಮನೆಗಳಿಗೆ ಬೆಂಕಿಯಿಡಿಸಿ, ತನ್ನವರೊಡನೆ ಹಿಂದಣ ದಾರಿಯಿಂದ ಹೊರಟುಹೋದನು. ಒಳಗೆ ನುಗ್ಗಿದವರಿಗೆ ಸಿಕ್ಕಿದುದು ಬರಿಯ ಗೋಡೆಗಳು. ಉರಿಯು ಮದ್ದಿನ ಮನೆಗೆ ತಗಲಿ ಕೊಳ್ಳೆಗೆ ಹೋದವರಲ್ಲಿ ಹಲವರು ಸತ್ತರು. ತೋರಣಾ ಕೋಟೆಯನ್ನು ಹದಿನಾರು ದಿನಗಳಲ್ಲಿ ಹಿಡಿದ ಸೈನ್ಯಕ್ಕೆ ವಾಗಿನಗೇರಿಯಲ್ಲಿ 78 ದಿನಗಳು ಹಿಡಿದುವು. ಕೋಟೆಗೆ ರಹಮಾನ್‌ಬಕ್ಷ್ ಎಂಬ ಹೊಸ ಹೆಸರನ್ನಿಟ್ಟರು. ಆ ಹೆಸರನ್ನು ಈಗ ಫಾರಸಿ ಬಲ್ಲ ಪಂಡಿತರಲ್ಲದೆ ಇನ್ನಾರೂ ಅರಿಯರು.

ಇಲ್ಲಿ ಆಕರಗಳ ತೂಕವನ್ನು ಸ್ವಲ್ಪ ನೋಡುವುದು ಒಳ್ಳೆಯದು. ಸಾಕಿ ಮುಸ್ತೈದಖಾನನ ಮಆಸಿರ್-ಇ-ಆಲಂಗೀರಿ ದರಬಾರಿನ ಬರವಣಿಗೆ; ಬಾದಶಹನ ಗೌರವಕ್ಕೆ ಕುಂದು ಬರುವಲ್ಲಿ ಅದು ಮೆಲ್ಲನೆ ನಡೆಯುತ್ತದೆ. ನುಸ್ಖಾ-ಇ-ದಿಲ್‌ಕುಶಾ ಬರೆದ ಭೀಮಸೇನನು ಬುಂದೇಲರ ದಲಪತರಾಯನ ಸೇವಕ. ದಲಪತರಾಯನು ಜುಲ್ಫಿಕಾರಖಾನನ ಕೈಕೆಳಗೆ ಕಾದಿದವನು. ಆದುದರಿಂದ ಮೊದಲಿನ ಸರದಾರರ ಸೋಲನ್ನೂ ಕಡೆಯವರ ಗೆಲವನ್ನೂ ಭೀಮಸೇನನು ಮುಚ್ಚುಮರೆಯಿಲ್ಲದೆ ಹೇಳುವುದಕ್ಕೆ ಕಾರಣವುಂಟು. ಖಾಫಿಖಾನನದು ಅನಂತರದ ಕಾಲದ ಕೃತಿ. ಮೂವರೂ ಪಾಳೆಯದ ಕಡೆಯಿಂದ ಬೆಟ್ಟವನ್ನು ನೋಡಿದವರು. ಬೆಟ್ಟದ ಮೇಲಿಂದ ಪಾಳೆಯವನ್ನು ನೋಡಿದವನ ಬರಹವನ್ನು ಅವರಿಂದ ನಿರೀಕ್ಷಿಸಲಾಗದು.

ಗೆದ್ದ ಬಾದಶಹನು ಕೃಷ್ಣೆಯ ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟನು. (ಜೈಮಿನಿ ಭಾರತದ ಲಕ್ಷ್ಮೀಶನ ದೇವಪುರ ಯಾವುದೆಂಬ ವಾದದಲ್ಲಿ ಈ ಸೀಮೆಯ ಹೆಸರೂ ಎದ್ದುದುಂಟು, ಅದನ್ನು ಇಲ್ಲಿ ಕೆದಕುವುದಿಲ್ಲ.) ಅಲ್ಲಿ ಆತನು ಕಠಿನವಾದ ಕಾಯಿಲೆಯಲ್ಲಿ ಬಿದ್ದು, ಪಾಳೆಯವೆಲ್ಲ ಆಸೆಬಿಟ್ಟಿತ್ತು. ಚೇತರಿಸಿಕೊಂಡು ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಹೊರಟವನು 1706 ರ ಜನವರಿಯಲ್ಲಿ ಅಹಮದನಗರವನ್ನು ಸೇರಿದನು. ಆಮೇಲೆ ಯಾವ ಕೋಟೆಯ ಮುಂದೆಯೂ ಆತನು ನಿಲ್ಲಲಿಲ್ಲ. ಪಿಡ್ಡನಾಯಕನಾದರೋ ಅಳಿಯಲಿಲ್ಲ, ಬಾದಶಹನ ಬಳಿಕ ಈ ಸೀಮೆಯು ಮತ್ತೆ ನಾಯಕರ ಕೈಯಲ್ಲಿಯೇ ಕಾಣಬರುತ್ತದೆ, ಸುರಪುರವು ರಾಜಧಾನಿಯಾಗಿ ಬೆಳೆಯುತ್ತದೆ.

ಎರಡನೆಯ ಯುದ್ಧದ ಪೀಠಿಕೆಯು ದೀರ್ಘವಾದುದು, ಸಂಕ್ಷೇಪವಾಗಿ ಹೇಳುವೆವು. ರಾಜಾ ಕೃಷ್ಣಪ್ಪನಾಯಕನು 1842 ರಲ್ಲಿ ತೀರಿಕೊಂಡಾಗ ಮಗನಾದ ವೆಂಕಟಪ್ಪನಾಯಕನು ಬಾಲಕ. ನಿಜಾಮನಿಗೆ ಸಲ್ಲಬೇಕಾದ ಬಾಕಿ, ತಾಯಿ ಈಶ್ವರಮ್ಮನಿಗೂ ದಾಯಾದಿಗಳಿಗೂ ವೈಮನಸ್ಯ, ಇವುಗಳ ನಡುವೆ ಇಂಗ್ಲಿಷ್ ರೆಸಿಡೆಂಟನ ಪರವಾಗಿ ಸಂಸ್ಥಾನದ ಆಡಳಿತವನ್ನು ನಡೆಸಿದವನು ಮೆಡೋಸ್ ಟೇಲರ್. ಠಗ್ಗರ ಕಥೆಯಿಂದ ಪ್ರಸಿದ್ಧನಾದ ಕಾದಂಬರಿಕಾರನೂ, ಈ ಸೀಮೆಯ ಶಿಲಾಸಮಾಧಿಗಳನ್ನು ಮೊದಲು ಪರೀಕ್ಷಿಸಿ ಬರೆದವನೂ ಈತನೇ. ಬಾಲಕ ರಾಜನು ಈತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. 1853 ರಲ್ಲಿ ಪ್ರಾಪ್ತವಯಸ್ಕನಾದ ರಾಜನಿಗೆ ಅಧಿಕಾರವನ್ನೊಪ್ಪಿಸಿ ಟೇಲರನು ಹೊರಟುಹೋದನು. ನಾಲ್ಕು ವರ್ಷಗಳಲ್ಲಿ ಉತ್ತರದ ದಂಗೆಯ ಸುದ್ದಿ ಬಂದಿತು. 1857 ರ ಜುಲೈಯಲ್ಲಿ ಹೈದರಾಬಾದಿನ ರೆಸಿಡೆನ್ಸಿಯ ಮೇಲೆಯೇ ದಾಳಿಯಾಯಿತು. ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧಗಳನ್ನೊಪ್ಪಿಸಲಾರೆವೆಂದು ತಿರುಗಿ ಬಿದ್ದರು. ಸುರಪುರದಲ್ಲಿ ಅರಬರೂ ರೋಹಿಲರೂ ಕೂಡುತ್ತಿದ್ದಾರೆಂದೂ, ನಾನಾಸಾಹೇಬನ ಕಡೆಯವರು ಬಂದು ಹೋಗುತ್ತಿದ್ದಾರೆಂದೂ ರೆಸಿಡೆಂಟ್ ಡೇವಿಡ್‌ಸನ್ನನಿಗೆ ವರದಿಗಳು ಬಂದುವು. ಬುದ್ಧಿ ಹೇಳಲು ಕ್ಯಾಪ್ಟನ್ ಕ್ಯಾಂಪ್ಬೆಲ್ಲನನ್ನು ಕಳುಹಿಸಿದುದು ನಿಷ್ಫಲವಾಯಿತು.

1858 ಫೆಬ್ರವರಿ 7 ರಂದು ಲಿಂಗಸುಗೂರಿನ ಕಡೆಯಿಂದ ಕ್ಯಾಪ್ಟನ್ ವಿಂಢಮನು ಹೈದರಾಬಾದ್ ಕಂಟಿಂಜೆಂಟಿನ ಒಂದು ದಳದೊಡನೆ ಬಂದನು. ರಾಜನ ಕಡೆಯವರು ಆತನಿಗೆ ಇಳಿಯಲು ತೋರಿಸಿದುದು ಸುತ್ತಲೂ ಬಂಡೆಗಳಿಂದ ಕೂಡಿದ ಕಿರಿದಾದ ಕಣಿವೆ. ಸಂಶಯಗೊಂಡ ಆತನು ಅದನ್ನು ಬಿಟ್ಟು ಬಯಲಿಗೆ ಸರಿದು ಡೇರೆ ಹಾಕಿದನು. ಆ ಇರುಳೇ ಬೇಡರೂ ಅರಬರೂ ರೋಹಿಲರೂ ಪಾಳೆಯದ ಮೇಲೆ ಬಿದ್ದರು. ಸುರಪುರದವರಿಗೆ ಬಂಡೆಯ ಮರೆಯೇ ಬಲ. ಬಯಲಿನಲ್ಲಿ ಕವಾಯತಿನ ಸಿಪಾಯಿಗಳ ಸಾಲಾದ ಗುಂಡಿಗೆ ಎದುರಾಗಿ ನಿಲ್ಲುವುದು ಅವರ ಯುದ್ಧವಲ್ಲ. ಇರುಳಿನ ಮೊದಲ ಜಾವದಲ್ಲಿಯೇ, ಕಣಿವೆಯೋ ಬಯಲೋ ಎಂಬ ಒಂದು ನಿರ್ಧಾರದಲ್ಲಿಯೇ, ಈ ಕಾಳಗದ ಫಲವು ಮುಕ್ಕಾಲು ಗೊತ್ತಾಯಿತೆಂದು ನನ್ನ ಅಭಿಪ್ರಾಯ. 8 ರ ಬೆಳಿಗ್ಗೆ ಹ್ಯೂಸನ ನಾಯಕತ್ವದ ಮದ್ರಾಸ್ ಸೈನ್ಯವು ಬಂದು ಕೂಡಿಕೊಂಡಿತು. ಬೆಟ್ಟದ ಬುಡದಲ್ಲಿ ರೋಹಿಲರ ಗುಂಪೊಂದರ ಮೇಲೆ ಕುದುರೆಯನ್ನು ನುಗ್ಗಿಸಿದ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬರಿ ಅಲ್ಲಿಯೇ ಸತ್ತನು. ಆತನ ಕೈಕೆಳಗಿನ ಲೆಫ್ಟಿನೆಂಟ್ ಸ್ಟುವರ್ಟನು ಗಾಯಗಳಿಂದ ಮಡಿದನು. ಅಂದಿನ ಇರುಳಿನಲ್ಲಿ ರಾಜನು ಕೆಲವೇ ರಾವುತರೊಡನೆ ಹೊರಟುಹೋದನು. ಮರುದಿನ ಪಟ್ಟಣವು ಬರಿದಾಗಿದ್ದಿತು.

ಮೇಲೆ ಹೇಳಿದ ನಿಜವಾದ ಸಾಮ್ಯವು ಇದೇ. 1705 ರಲ್ಲಿಯೂ 1858 ರಲ್ಲಿಯೂ ಗೆದ್ದವನಿಗೆ ಸಿಕ್ಕಿದುದು ನಾಯಕನಿಲ್ಲದ ಬೆಟ್ಟ. ಬೇಡರ ಯುದ್ಧನೀತಿಯಲ್ಲಿ ಕೋಟೆಯೆಂಬುದು ಸಾಯುವುದಕ್ಕೆ ಸ್ಥಳವಲ್ಲ, ತಡೆಯುವುದಕ್ಕೆ ಸ್ಥಳ. ಮನುಷ್ಯರು ಉಳಿದರೆ ಕೋಟೆ ಮತ್ತೆ ಎದ್ದೀತು. ಆದರೆ ಮುಂದಿನ ಕಥೆಯು ಎರಡು ಸಲವೂ ಒಂದೇ ಆಗಲಿಲ್ಲ. ಪಿಡ್ಡನಾಯಕನು ಹೊರಬಿದ್ದಾಗ ಬಯಲಿನಲ್ಲೆಲ್ಲ ಮರಾಠರ ಕುದುರೆಗಳು ಓಡಾಡುತ್ತಿದ್ದುವು. ಹಿಡಿಯಬೇಕೆಂದವನು ಮುದುಕ, ಆತನ ಸೈನ್ಯ ಬಳಲಿದ್ದಿತು. ವೆಂಕಟಪ್ಪನಾಯಕನಿಗೆ ಅಂತಹ ಆಸರೆ ಒಂದೂ ಇರಲಿಲ್ಲ. ಮುಂಡರಗಿಯ ಭೀಮರಾಯನೂ ನರಗುಂದದ ಬಾಬಾಸಾಹೇಬನೂ ಎದ್ದುದು ಮೇ ತಿಂಗಳ ಕೊನೆಯಲ್ಲಿ, ಸುರಪುರವು ಬಿದ್ದು ಮೂರೂವರೆ ತಿಂಗಳಾದ ಬಳಿಕ. ಕೊಪ್ಪಳದಲ್ಲಿ ಭೀಮರಾಯನನ್ನು ಮುತ್ತಿದವನೂ ಇದೇ ಹ್ಯೂಸ್. ಒಂದೊಂದೇ ಊರು ಒಂದೊಂದೇ ತಿಂಗಳಿನಲ್ಲಿ ಎದ್ದುದರಿಂದ ಒಂದೇ ಸೈನ್ಯವು ಎಲ್ಲರನ್ನೂ ಸರದಿಯಲ್ಲಿ ಅಡಗಿಸುವುದು ಸಾಧ್ಯವಾಯಿತು. ರಾಜನು ಬೆಟ್ಟಗಳನ್ನು ಹಿಡಿಯುವ ಬದಲು ಹೈದರಾಬಾದಿಗೆ ಹೋದನು. ಅಲ್ಲಿ ಪೇಟೆಯಲ್ಲಿ ತಿರುಗುತ್ತಿದ್ದಾಗ ದಿವಾನ ಸಾಲಾರಜಂಗನ ಜನರು ಆತನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದರು. ವಾಗಿನಗೇರಿಯಲ್ಲಿ ಪಿಡ್ಡನನ್ನು ಹಿಡಿಯಲಾರದೆ ಹೋದ ಚಿನ್ ಕಿಲಿಚ್‌ಖಾನನ ವಂಶದವರ ರಾಜಧಾನಿಯಲ್ಲಿಯೇ ಪಿಡ್ಡನ ವಂಶದವನು ಸೆರೆಯಾದನು.

ಈ ಕಾಳಗದಲ್ಲಿ ಬಂದ ದಳಗಳ ವಿಷಯವಾಗಿ ಗೊಂದಲವು ಸಾಮಾನ್ಯವಾದುದರಿಂದ ಒಂದೆರಡು ಮಾತು ಹೇಳತಕ್ಕದ್ದಿದೆ. ‘ಹೈದರಾಬಾದ್ ಸೈನ್ಯ’ವೆಂದು ಬರೆದಲ್ಲೆಲ್ಲ ಒಂದೇ ಸೈನ್ಯವೆಂದು ತಿಳಿಯಬಾರದು. ಸಿಕಂದರಾಬಾದಿನಲ್ಲಿದ್ದುದು ಕಂಪನಿಯ ಮದ್ರಾಸ್ ಸೈನ್ಯಕ್ಕೆ ಸೇರಿದ ಸಹಾಯಕ ಸೈನ್ಯ. ನಿಜಾಮನಿಗೆ ತನ್ನವೇ ಆದ ಅರಬ ಮೊದಲಾದ ಪಡೆಗಳು ಬೇರೆ ಇದ್ದುವು. ಕಂಟಿಂಜೆಂಟು ಇವೆರಡೂ ಅಲ್ಲ. ರಸೆಲ್ಲನ ಬ್ರಿಗೇಡಿನಿಂದ ಬೆಳೆದು, 1853 ರ ಒಪ್ಪಂದದಂತೆ 5000 ಕಾಲಾಳು, 2000 ಕುದುರೆ, ನಾಲ್ಕು ತೋಪುಖಾನೆಗಳೆಂದು ಗೊತ್ತಾದ, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ, ನಿಜಾಮನ ಸೀಮೆಗಳ ಹುಟ್ಟುವಳಿಯಿಂದ ನಡೆಯುತ್ತಿದ್ದ ಪಡೆ ಅದು. ರಾಯಚೂರು ದೋಆಬವು ಇಂಗ್ಲಿಷರ ವಶಕ್ಕೆ ಹೋದುದು ಈ ಪಡೆಯ ವೆಚ್ಚಕ್ಕಾಗಿಯೇ. ಅದರ ಕಾಲ್ದಳಗಳು 1922 ರಲ್ಲಿ 19 ನೆಯ ಹೈದರಾಬಾದ್ ರೆಜಿಮೆಂಟಾಗಿ, 1945 ರಲ್ಲಿ ಕುಮಾವೂ ರೆಜಿಮೆಂಟ್ ಎಂಬ ಹೆಸರನ್ನು ಪಡೆದುವು. 1947 ರಲ್ಲಿ ಬದಗಾಮಿನಲ್ಲಿ ಮಡಿದು ಮೊದಲನೆಯ ಪರಮವೀರ ಚಕ್ರಕ್ಕೆ ಪಾತ್ರನಾದ ಮೇಜರ್ ಸೋಮನಾಥ ಶರ್ಮನು ಈ ರೆಜಿಮೆಂಟಿನವನು. ಅಶ್ವದಳಗಳಿಂದ ಡೆಕ್ಕನ್ ಹಾರ್ಸ್ ಹುಟ್ಟಿತು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಮೈಸೂರು ಜೋಧಪುರಗಳೊಡನೆ ನಿಂತಿರುವ ಹೈದರಾಬಾದಿನ ಲಾನ್ಸರ್ ದಳವಾದರೋ ನಿಜಾಮನ ಸ್ವಂತದ್ದು. ಸುರಪುರಕ್ಕೆ ಬಂದ ಕಂಟಿಂಜೆಂಟಿನೊಡನೆ ಅದನ್ನು ಬೆರಸಬಾರದು.

ಹ್ಯೂಸನೊಡನೆ ಬಂದ ಗೋರಾ ಸಿಪಾಯಿಗಳು 74 ನೆಯ ಹೈಲ್ಯಾಂಡರ್ ರೆಜಿಮೆಂಟಿನವರು. ಶ್ರೀರಂಗಪಟ್ಟಣದ 1799 ರ ಲಗ್ಗೆಯಲ್ಲಿಯೂ 1803 ರ ಅಸಯಿ ಯುದ್ಧದಲ್ಲಿಯೂ ಕಾದಿ, ಅಸಯಿಗಾಗಿ ವಿಶೇಷ ಧ್ವಜವೊಂದನ್ನು ಪಡೆದ ದಳವಿದು. 1852 ರಲ್ಲಿ ಆಫ್ರಿಕದ ತೀರದಲ್ಲಿ ಬರ್ಕನ್‌ಹೆಡ್ ಹಡಗು ಮುಳುಗಿದಾಗ ಸಾಲು ಕದಲದೆ ನಿಂತ ಸಿಪಾಯಿಗಳ ಮುಖ್ಯಾಧಿಕಾರಿಯು ಇದೇ ರೆಜಿಮೆಂಟಿನ ಸೀಟನ್ನನು. ಇಷ್ಟು ಹೆಸರಾಂತ ದಳಗಳು ಕೂಡಿದ್ದರೂ ‘ಸುರಪುರ’ ಎಂಬ ಮಾತು ಯಾವ ಧ್ವಜದ ಮೇಲೆಯೂ ಯುದ್ಧಬಿರುದಾಗಿ ಏರಲಿಲ್ಲ. ದಿಲ್ಲಿ, ಲಖನೌ, ಮಧ್ಯ ಇಂಡಿಯಾ, ಇವು ಏರಿದುವು. ದಕ್ಷಿಣದಲ್ಲಿ ದಂಗೆಯೇ ಆಗಲಿಲ್ಲವೆಂಬ ಮಾತು ಪಠ್ಯಪುಸ್ತಕಗಳಲ್ಲಿ ಬಹುಕಾಲ ನಿಂತುದಕ್ಕೆ ಇಂತಹ ಮೌನವೂ ಒಂದು ಕಾರಣವಾಗಿರಬೇಕು.

ಸೈನಿಕ ನ್ಯಾಯಸ್ಥಾನವು ರಾಜನಿಗೆ ಮರಣದಂಡನೆಯನ್ನು ವಿಧಿಸಿತು. ರೆಸಿಡೆಂಟನು ಅದನ್ನು ಆಜೀವ ದ್ವೀಪಾಂತರವಾಗಿ ಇಳಿಸಿದನು. ಗವರ್ನರ್ ಜನರಲನು ಇನ್ನೂ ಇಳಿಸಿ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯೆಂದೂ, ನಡತೆ ಚೆನ್ನಾಗಿದ್ದರೆ ಸಂಸ್ಥಾನವನ್ನು ಹಿಂದಿರುಗಿಸಬಹುದೆಂದೂ ಗೊತ್ತುಮಾಡಿದನು. ಸೆರೆಯಲ್ಲಿ ತನ್ನನ್ನು ಕಾಣಲು ಬಂದ ಟೇಲರನೊಡನೆ ರಾಜನು ಆಡಿದ ಮಾತುಗಳ ಸಾರವಿದು: ಸೆರೆವಾಸ ದ್ವೀಪಾಂತರಗಳಿಗಿಂತ ತನಗೆ ಮರಣವೇ ಲೇಸು, ಕಡುಬಡವ ಬೇಡನೂ ಸೆರೆಯಲ್ಲಿ ಬದುಕಲಾರನು, ರಾಜನಾದ ತಾನು ಹೇಗೆ ಬದುಕಲಿ, ಸಾಯಿಸುವುದಾದರೆ ಕಳ್ಳನಂತೆ ನೇಣು ಹಾಕದೆ ತೋಪಿನ ಬಾಯಿಗೆ ಕಟ್ಟಲಿ. 1858 ರ ಬೇಸಗೆಯಲ್ಲಿ ಚೆಂಗಲ್ಪಟ್ಟಿನ ದಾರಿಯ ಮೊದಲ ಬೀಡಿನಲ್ಲಿಯೇ, ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ಆತನು ಸತ್ತನು. ಕೈತಪ್ಪೋ, ಸಂಕಲ್ಪವೋ, ಪರರ ಕೈಯೋ ಎಂಬ ವಾದವು ಸುರಪುರದ ಕಡೆ ಈಗಲೂ ಮುಗಿದಿಲ್ಲ. ಟೇಲರನು ಆ ಬೀಡಿನಲ್ಲಿ ಇರಲಿಲ್ಲ. ಆತನ ಆತ್ಮಚರಿತ್ರೆಯು ಅಚ್ಚಾದುದು 1877 ರಲ್ಲಿ, ಆತನು ತೀರಿಕೊಂಡ ಮೇಲೆ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ರಾಜನು ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಳ್ಳುವನೆಂದು ಜಾತಕದಲ್ಲಿತ್ತೆಂಬ ಕಥೆಯನ್ನು ಟೇಲರನು ಬಹಳ ಮನಮುಟ್ಟುವಂತೆ ಹೇಳಿದ್ದಾನೆ. ಕಾದಂಬರಿಕಾರನ ಕೈಯಲ್ಲಿ ಜಾತಕವು ಕಥೆಯ ಕೀಲಿಯಾಗುವುದು ಸುಲಭ; ಅದನ್ನು ಮರಣಕಾರಣದ ಸಾಕ್ಷ್ಯವಾಗಿ ಹಿಡಿಯುವುದು ಯೋಗ್ಯವಲ್ಲ. ರಾಜನ ಮಾತುಗಳ ವಿಷಯವಾಗಿ ಮಾತ್ರ ಆತನನ್ನು ನಂಬಬಹುದೆಂದು ತೋರುತ್ತದೆ. ತಾನು ಮೆಚ್ಚಿ ಬೆಳೆಸಿದ ಹುಡುಗನು ತನ್ನ ಸರಕಾರದ ಮೇಲೆಯೇ ಕತ್ತಿಯೆತ್ತಿದನೆಂಬುದು ಟೇಲರನಿಗೆ ಅವಮಾನಕರವಾಗಿದ್ದರೂ, ಆ ಮಾತುಗಳ ಧೈರ್ಯವನ್ನು ಆತನು ತಗ್ಗಿಸದೆ ಬರೆದಿದ್ದಾನೆ.

ನ್ಯೂಬರಿಯ ಹೆಸರನ್ನೂ ಸ್ಟುವರ್ಟನ ಹೆಸರನ್ನೂ ಇಂಗ್ಲಿಷ್ ಗ್ರಂಥಗಳು ಉಳಿಸಿವೆ. ಅದೇ ಬೆಳಗಿನಲ್ಲಿ ಅದೇ ಬಂಡೆಗಳ ನಡುವೆ ಸತ್ತ ಬೇಡರಲ್ಲಿ ಒಬ್ಬನ ಹೆಸರನ್ನೂ ಆ ಗ್ರಂಥಗಳು ಹೇಳುವುದಿಲ್ಲ. 1705 ರಲ್ಲಿ ಲಾಲ್ ಟೀಕ್ರಿಯನ್ನು ಮತ್ತೆ ಗೆದ್ದುಕೊಂಡವರ ಹೆಸರುಗಳು ಫಾರಸಿ ಗ್ರಂಥಗಳಲ್ಲಿಯೂ ಇಲ್ಲ. ತುರುವನ್ನು ಕಾಯುತ್ತ ಸತ್ತ ಒಬ್ಬ ಸಾಮಾನ್ಯನ ಹೆಸರು, ಆತನ ತಂದೆಯ ಹೆಸರು, ಊರು, ಕಲ್ಲು ನಿಲ್ಲಿಸಿದವರ ಹೆಸರು, ಇವೆಲ್ಲವನ್ನೂ ಕೆತ್ತಿಸುತ್ತಿದ್ದ ವೀರಗಲ್ಲುಗಳ ನಾಡಿನಲ್ಲಿ ಈ ಲೋಪವು ಹೆಚ್ಚಾಗಿಯೇ ಎದ್ದು ಕಾಣುತ್ತದೆ. ಆದಕಾರಣ ವಾಗಿನಗೇರಿ, ತಳವಾರಗೇರಿ, ಸುರಪುರ, ದೇವಾಪುರಗಳ ಸುತ್ತಣ ಹೊಲಗಳ, ಬಾವಿಗಳ, ಗುಡ್ಡಗಳ ಹೆಸರುಗಳನ್ನು ಅಲ್ಲಿನ ಶಾಲೆಗಳ ಉಪಾಧ್ಯಾಯರು ಬಾಯಿಂದ ಕೇಳಿ ಬರೆದಿಟ್ಟರೆ ಬಹಳ ಉಪಕಾರವಾದೀತು. ಹೊಸ ಕಾಲುವೆಯ ಬಯಲಿನಲ್ಲಿ ಹೊಲಗಳ ಎಲ್ಲೆಗಳು ಬದಲಾಗುತ್ತಿರುವುದರಿಂದ ಈ ಕೆಲಸಕ್ಕೆ ಅವಕಾಶವು ದಿನದಿನಕ್ಕೆ ಕಿರಿದಾಗುತ್ತಿದೆ.

ಸಂಸ್ಥಾನವು ಇಂಗ್ಲಿಷರ ಕೈಯಲ್ಲಿ ಬಹುಕಾಲ ಉಳಿಯಲಿಲ್ಲ. 1860 ರ ಒಪ್ಪಂದದಂತೆ, ದಂಗೆಯ ಕಾಲದಲ್ಲಿ ತೋರಿದ ಸ್ನೇಹಕ್ಕೆ ಪ್ರತಿಫಲವಾಗಿ, ರಾಯಚೂರು ದೋಆಬ ನಳದುರ್ಗಗಳನ್ನು ನಿಜಾಮನಿಗೆ ಹಿಂದಿರುಗಿಸುವಾಗ ಸುರಪುರವನ್ನೂ ಅವುಗಳ ಜತೆಗೆ ಕೊಟ್ಟುಬಿಟ್ಟರು.